ಸೂಗಪ್ಪನ ಜೋಕಾಲಿ ಮೋಟಾರು

ಚಿತ್ತಾಪುರ ಸ್ಟೇಷನ್ನಿನಿಂದ ಊರೊಳಗೆ ಬರುವ ದಾರಿಯಲ್ಲಿ ಅಬ್ದುಲ್ ಮಜೀದನ ಮೋಟಾರು ರಿಪೇರಿ ಅಂಗಡಿ ಇತ್ತು. ಅದರ ತಗಡಿನ ಬಾಗಿಲು ಮುಚ್ಚಿ ಒಂದೂವರೆ ವರ್ಷದ ಮೇಲಾಗಿತ್ತು. ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೋಲೀಸ್ ಆಕ್ಷನ್ ಆದ ಮಳೆಗಾಲದಲ್ಲಿ, ಊರೂರಿಗೆ ಗದ್ದಲ ಹಬ್ಬಿದ ದಿನಗಳಲ್ಲಿ, ಯಾರೋ ಬಾಗಿಲು ಮುರಿದು ಪಾನಾ, ಸುತ್ತಿಗೆ, ಜಾಕು ಎಲ್ಲ ಹೊತ್ತುಕೊಂಡು ಹೋದರು. ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಬಿದ್ದಿತ್ತು. ಮಜೀದನ ತಮ್ಮ ಶೌಕತ ಅಲಿ ಅದೇ ವಾರದ ಒಂದು ಬೆಳಗ್ಗೆ ಸೈಕಲ್ಲು ಹತ್ತಿ ಕಾಳಗಿಯ ದಾರಿ ಹಿಡಿದವನು ತಿರುಗಿ ಬರಲಿಲ್ಲ. ಇಪ್ಪತ್ತು ತುಂಬದ ಹುಡುಗ. ಗೆಳೆಯರ ಮಾತು ಕೇಳಿ ಒಂದಿಷ್ಟು ದಿನ ನಿಜಾಮನ ಪರದ ರಜಾಕಾರರ ಖಾಕಿ ತೊಟ್ಟು, ಕೈಯಲ್ಲಿ ಬಡಿಗೆ ಹಿಡಿದು ಕವಾಯತು ಮಾಡಿದ್ದ. ಅಣ್ಣ ಬೈದಾಗ ಬಿಟ್ಟಿದ್ದ. ಆದರೆ ಊರ ಮಂದಿ ಖಾಕಿ ತೊಟ್ಟದ್ದನ್ನು ನೋಡಿದ್ದರು, ಬಿಟ್ಟದ್ದನ್ನು ನೋಡಿರಲಿಲ್ಲ.

ಅಂದಿನಿಂದ ಮಜೀದ ಮನೆ ಹಿಡಿದು ಕುಳಿತ. ಮಸೀದಿಯ ಹಿಂದಿನ ಓಣಿ, ಓಣಿಯ ಬಾವಿ, ಮಸೀದಿ. ಇಷ್ಟೇ ಅವನ ಲೋಕವಾಯಿತು. ಓಣಿ ದಾಟಿ ದೊಡ್ಡ ದಾರಿಗೆ ಕಾಲಿಡಬೇಕೆಂದರೆ ಎದೆಯಲ್ಲಿ ಕಲ್ಲು ಕುಳಿತಂತಾಗುತ್ತಿತ್ತು. ಅವನ ಹೆಂಡತಿ ಚಾಂದಬೀ ಕೌದಿ ಹೊಲಿದು, ಮದುವೆಮನೆಯವರಿಗೆ ಲಂಗ ರವಿಕೆ ಹೊಲಿದು ಒಲೆ ಉರಿಸುತ್ತಿದ್ದಳು. ಶೌಕತನನ್ನು ಐದು ವರ್ಷದವನಿದ್ದಾಗಿನಿಂದ ಸಾಕಿದವಳು ಅವಳೇ. ಅವನ ಮಾತು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಎತ್ತದಿದ್ದರೂ ಅವಳು ಈದಿಗೆ ಒಂದು ಅಂಗಿ ಹೆಚ್ಚಿಗೆ ಹೊಲಿಯುವುದನ್ನು ಬಿಟ್ಟಿರಲಿಲ್ಲ.

ಹೀಗಿರುವಾಗ ಸಾವಿರದ ಒಂಬೈನೂರ ಐವತ್ತರ ಬೇಸಿಗೆಯಲ್ಲಿ ಓಣಿಯ ಬಾಯಿಗೆ ಒಂದು ಮೋಟಾರು ಬಂದು ನಿಂತಿತು. ನಿಂತ ಮೇಲೂ ಅದು ಎರಡು ಸಲ ಆ ಕಡೆ ಈ ಕಡೆ ತೂಗಾಡಿತು.

ಇಳಿದು ಬಂದವನು ಸೂಗಪ್ಪ. ಮೊದಲು ಸ್ಟೇಷನ್ನಿನಲ್ಲಿ ಟಾಂಗಾ ಹೊಡೆಯುತ್ತಿದ್ದವನು. ಸೇಡಂನಲ್ಲಿ ಒಬ್ಬರು ಜಾಗೀರದಾರರು ಊರು ಬಿಟ್ಟು ಹೈದರಾಬಾದಿಗೆ ಹೋಗುವಾಗ ಮಾರಿದ ಹಳೆಯ ಅಮೆರಿಕದ ಮೋಟಾರನ್ನು ಕೊಂಡು, ಚಿತ್ತಾಪುರದಲ್ಲಿ ರೈಲು ಇಳಿದವರನ್ನು ಕಾಳಗಿಗೂ ಚಿಂಚೋಳಿಗೂ ಮುಟ್ಟಿಸುವ ಬಾಡಿಗೆ ಧಂದೆ ಹಿಡಿದಿದ್ದ. ದೊಡ್ಡ ದನಿಯವ, ಅವಸರದವ. ಕೂಗದೆ ಮಾತಾಡಲು ಅವನಿಗೆ ಬರುತ್ತಲೇ ಇರಲಿಲ್ಲ.

"ಉಸ್ತಾದ್! ಮನ್ಯಾಗ ಇದ್ದೀರೇನ್ರಿ?" ಎಂದು ಓಣಿಯ ಬಾಯಿಂದಲೇ ಕೂಗಿದ.

ಮಜೀದ ಒಳಗಿನ ಕೋಣೆಗೆ ಸರಿದ. ಚಾಂದಬೀ ಹೊಸ್ತಿಲಿಗೆ ಬಂದು ಸೆರಗು ಸರಿಮಾಡಿಕೊಂಡು, "ಅವರಿಗಿ ಆರಾಮಿಲ್ಲ. ಕೆಲಸ ಬಿಟ್ಟಾರ" ಎಂದಳು.

"ಅವರಿಗಿ ಆರಾಮ ಇಲ್ಲಂದ್ರ ನನ್ನ ಗಾಡಿಗಿ ಅದಕಿಂತ ಹೆಚ್ಚು ಆರಾಮಿಲ್ಲರಿ ಭಾಬಿ. ಮಂದಿ ಅದಕ್ಕ ಸೂಗಪ್ಪನ ಜೋಕಾಲಿ ಅಂತ ಹೆಸರಿಟ್ಟಾರ. ತಿರುವು ಬಂತಂದ್ರ ಒಂದು ಮಗ್ಗಲಿಗಿ ಮಲಗ್ತದ. ಈಕಡಿ ಕುಂತವರು ಆಕಡಿ ಕುಂತವರ ತೊಡಿ ಮ್ಯಾಲ ಬೀಳ್ತಾರ. ಮೊನ್ನಿ ಕಾಳಗಿ ಮಠದ ಮಡಿವಾಳಯ್ಯ ಸ್ವಾಮಿಗಳು ಇಳಿದ ಕೂಡಲೇ ಕೈ ಮುಗದು, ಇನ್ನ ಮ್ಯಾಲ ನಾ ಎತ್ತಿನ ಬಂಡ್ಯಾಗೇ ಬರ್ತೀನಪ್ಪ ಅಂದ್ರು. ವಾಡಿ, ಶಹಾಬಾದ ಎಲ್ಲಾ ಸುತ್ತಿ ಬಂದೀನಿ. ಯಾರೂ ಸರಿ ಮಾಡವಲ್ಲರು."

ಒಳಗೆ ಕುಳಿತ ಮಜೀದನ ಕಿವಿಗೆ ಮಾತು ಬೀಳುತ್ತಿತ್ತು. ತಿರುವಿನಲ್ಲಿ ಮಲಗುತ್ತದೆ ಎಂದರೆ ಕಮಾನ್ ಪಟ್ಟಿ ಸೋತಿರಬೇಕು. ಚಕ್ರದ ಮೇಲೆ ಗಾಡಿಯ ಭಾರ ಹೊರುವ ಆ ಉಕ್ಕಿನ ಪಟ್ಟಿಗಳು ಹತ್ತು ಹದಿನೈದು ವರ್ಷ ದುಡಿದರೆ ಸಡಿಲಾಗದೆ ಇನ್ನೇನಾದಾವು? ಹಾಗೆಂದುಕೊಳ್ಳುತ್ತಲೇ ಅವನು ಎದ್ದು ಹೊಸ್ತಿಲಿಗೆ ಬಂದಿದ್ದ. ಬಂದದ್ದು ಅವನಿಗೇ ತಡವಾಗಿ ಗೊತ್ತಾಯಿತು.

ಓಣಿಯ ಬಾಯಿಯವರೆಗೆ ಹೋದ. ಗಾಡಿಯ ಕೆಳಗೆ ತೂರಿ ಪಟ್ಟಿಗಳನ್ನು ನೋಡಿದ. ಹಿಂದಿನವು ಹೆಚ್ಚು ಸೋತಿದ್ದವು. ಹಿತ್ತಲಲ್ಲಿ ಬಿದ್ದಿದ್ದ ಹಳೆಯ ಪಟ್ಟಿಗಳಲ್ಲಿ ಹೊಂದುವಂಥವನ್ನು ಆರಿಸಿ, ನೆರೆಯ ಕಮ್ಮಾರನಲ್ಲಿ ಇಕ್ಕಳ ಸುತ್ತಿಗೆ ಕಡ ತಂದು, ಹಿಂದಿನ ಎರಡೂ ಕಡೆಗೆ ಎರಡೆರಡು ಪಟ್ಟಿ ಹೆಚ್ಚಿಗೆ ಕಟ್ಟಿಕೊಟ್ಟ. ಸಂಜೆಯೊಳಗೆ ಕೆಲಸ ಮುಗಿಯಿತು. ಗಾಡಿಯನ್ನು ಕೈಯಿಂದ ಒತ್ತಿ ನೋಡಿದರೆ ಅಲುಗಲಿಲ್ಲ. ಸೂಗಪ್ಪ ಖುಷಿಯಿಂದ ಹಾರ್ನು ಒತ್ತುತ್ತ ಹೋದ.

ನಾಲ್ಕೇ ದಿನಕ್ಕೆ ಅವನು ತಿರುಗಿ ಬಂದ. ಈ ಸಲ ಹಾರ್ನು ಇರಲಿಲ್ಲ.

"ಉಸ್ತಾದ್, ಮೊದಲ ನನ್ನ ಗಾಡಿ ಜೋಕಾಲಿ ಇತ್ತು. ಈಗ ನೀವು ಅದಕ್ಕ ಹುಚ್ಚ ಕುದುರಿ ಮಾಡೀರಿ. ಒಂದು ಸಣ್ಣ ತೆಗ್ಗು ಬಂದ್ರ ಸಾಕು, ಮಂದಿ ತಲಿ ಮ್ಯಾಲಿನ ಛತ್ತಿಗಿ ಹೊಡೀಲಿಕತ್ತಾವ. ಅದು ಹೋಗ್ಲಿ. ಕಾಗಿಣಾ ಹೊಳಿ ದಾಟಿದ ಮ್ಯಾಲ ಹುಣಸೀಮರದ ತಿರುವು ಇಲ್ಲೇನು, ಅಲ್ಲಿ ಗಾಡಿ ಜಾರಿ ಹೊಲಕ್ಕ ಹೊಂಟಿತ್ತು. ಒಂದು ಗಾಲಿ ಬದುವಿನ ಮ್ಯಾಲ ನಿಂತಿತ್ತು ನೋಡ್ರಿ."

ಮಜೀದನ ಮುಖ ಇಳಿಯಿತು. "ಜಾರಿದ್ದು ಹಿಂದಿನ ಗಾಲಿಯೋ, ಮುಂದಿಂದೋ?"

"ನನಗೇನ್ ಗೊತ್ತು? ನಾ ಕಣ್ಣು ಮುಚ್ಚಿದ್ದೆ."

"ಓಡಸೋ ಮನಷ್ಯಾ ಕಣ್ಣು ಮುಚ್ಚಿದ್ಯಾ?"

"ಮತ್ತ? ನೋಡ್ಲಿಕ್ಕಾಗ್ತಿತ್ತೇನ್ರಿ ಅದನ್ನ?"

ಚಾಂದಬೀ ಬಾಗಿಲ ಮರೆಯಲ್ಲಿ ನಕ್ಕಳು. ಮಜೀದ ನಗಲಿಲ್ಲ. ಪಟ್ಟಿ ಗಟ್ಟಿಯಾದರೆ ಗಾಡಿ ಜಿಗಿಯುತ್ತದೆ, ಜಿಗಿದ ಗಾಲಿಗೆ ನೆಲದ ಹಿಡಿತ ತಪ್ಪುತ್ತದೆ. ಅದು ಅವನಿಗೆ ಗೊತ್ತಿಲ್ಲದ ಮಾತಲ್ಲ. ಕುಳಿತಲ್ಲೇ ಕುಳಿತು, ದಾರಿ ನೋಡದೆ ಮಾಡಿದ ಕೆಲಸ ಹೀಗಾಗದೆ ಹೇಗಾದೀತು?

"ತಿರುವಿನ್ಯಾಗ ಗಾಲಿ ಏನ್ ಮಾಡ್ತದ ಅನ್ನೋದು ನೋಡದಽ ಹೇಳ್ಲಿಕ್ಕಾಗಲ್ಲ ಸೂಗಣ್ಣ" ಎಂದ ಮೆಲ್ಲಗೆ.

"ಅದನ್ನೇ ನಾನೂ ಹೇಳ್ಲಿಕತ್ತೀನಿ. ನಡೀರಿ, ಬಂದು ನೋಡ್ರಿ."

ಕಾಳಗಿಯ ದಾರಿ. ಶೌಕತ ಹೋದ ದಾರಿ. "ಬ್ಯಾರೆ ಯಾರನರ ನೋಡು" ಎಂದು ಮಜೀದ ಒಳಗೆ ಹೋಗಿಬಿಟ್ಟ.

ಸೂಗಪ್ಪ ಹೋಗಲಿಲ್ಲ. ಕಟ್ಟೆಯ ಮೇಲೆ ಕುಳಿತುಬಿಟ್ಟ. ಚಾಂದಬೀ ಒಳಗೆ ಹೋಗಿ ಗಂಡನ ಎದುರು ನಿಂತಳು. ತಮ್ಮ ಮನೆಮಾತು ದಖನಿ ಉರ್ದುವಿನಲ್ಲಿ, ದನಿ ಏರಿಸದೆ ಹೇಳಿದಳು: "ಒಂದೂವರೆ ವರ್ಷ ನಾನು ಒಂದು ಮಾತೂ ಅಂದಿಲ್ಲ. ನೀವು ಇಲ್ಲಿ ಕುಂತದ್ದಕ್ಕ ಶೌಕತ ಬಂದನೇನು? ನೀವು ಕೆಡಿಸಿದ ಗಾಡಿ ಅದು. ಅದರಾಗ ನಾಳೆ ಯಾವಳೋ ಕೂಸು ಎತ್ತಿಕೊಂಡು ಕುಂದರ್ತಾಳ. ಆ ತಿರುವಿನಾಗ ಏನಾರ ಆತಂದ್ರ ನಿಮಗ ಅನ್ನ ಇಳೀತದೇನು?"

ಮಜೀದ ಎದ್ದು ಟೊಪ್ಪಿಗೆ ಹಾಕಿಕೊಂಡ.

ಊರು ದಾಟುವವರೆಗೆ ಅವನು ಹಿಂದಿನ ಸೀಟಿನಲ್ಲಿ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಕುಗ್ಗಿ ಕುಳಿತಿದ್ದ. ಸ್ಟೇಷನ್ನಿನ ಬಳಿ ಯಾರೋ ಸೂಗಪ್ಪನನ್ನು ಕೂಗಿದರು. ಮಜೀದ ಇನ್ನಷ್ಟು ಕೆಳಗೆ ಸರಿದ. "ಗಾಡ್ಯಾಗ ಯಾರು?" ಎಂದದ್ದಕ್ಕೆ ಸೂಗಪ್ಪ, "ಡಾಕ್ಟರ್! ಗಾಡಿಗಿ ದವಾ ಕೊಡ್ಲಿಕ್ಕ ಹೊಂಟಾರ" ಎಂದು ಕೂಗಿ ಮುಂದೆ ಹೊಡೆದ.

ಕಾಗಿಣಾದಲ್ಲಿ ಮೊಳಕಾಲುದ್ದ ನೀರಿತ್ತು. ಕಲ್ಲುಹಾಸಿನ ಮೇಲೆ ದಾಟಿ ಆ ದಡ ಏರಿದರು. ಏರು ಮುಗಿಯುವಲ್ಲೇ ಹುಣಸೀಮರದ ತಿರುವು, ಅದರ ಕೆಳಗೆ ಜೋಳ ಕೊಯ್ದ ಹೊಲ. ಸೂಗಪ್ಪ ಒಂದು ಸಲ ತಿರುವು ಸುತ್ತಿ ಬಂದ. ಹಿಂದೆ ಕುಳಿತ ಮಜೀದನಿಗೆ ಗಾಲಿ ಕಾಣಲಿಲ್ಲ.

"ನಿಲ್ಲಿಸು" ಎಂದು ಇಳಿದ. ಸುತ್ತ ನೋಡಿದ. ಬಿಸಿಲು, ಬಯಲು, ದೂರದಲ್ಲಿ ದನ ಕಾಯುವವನೊಬ್ಬ. ಯಾರೂ ಅವನ ಕಡೆ ಓಡಿ ಬರಲಿಲ್ಲ. ಟವೆಲ್ಲನ್ನು ತಲೆಗೆ ಬಿಗಿಯಾಗಿ ಕಟ್ಟಿ, ಬಾಗಿಲ ಕೆಳಗಿನ ಕಾಲುಹಲಗೆಯ ಮೇಲೆ ಹೊರಗಡೆ ನಿಂತ. ಒಂದು ಕೈಯಿಂದ ಕಿಟಕಿಯ ಕಂಬಿ ಹಿಡಿದು, ಮೈಯನ್ನು ಗಾಲಿಯ ಮೇಲಕ್ಕೆ ಬಗ್ಗಿಸಿದ.

"ಹೊಡಿ."

"ಉಸ್ತಾದ್, ಬೀಳ್ತೀರಿ!"

"ನೀ ಕಣ್ಣು ತೆರೆದು ಹೊಡಿ ಸಾಕು."

ಗಾಡಿ ತಿರುವಿಗೆ ನುಗ್ಗಿತು. ಮಜೀದನ ಮುಖದ ಕೆಳಗೆ ಮುಂದಿನ ಗಾಲಿ ಕಾಣುತ್ತಿತ್ತು. ತಿರುವಿನ ಹೊರಮಗ್ಗಲಿಗೆ ಗಾಡಿ ಕುಸಿಯಿತು, ಪಟ್ಟಿ ಪೂರಾ ನೆಟ್ಟಗಾಯಿತು, ಮತ್ತೆ ಚಂಗನೆ ಮೇಲೆದ್ದಿತು. ಎದ್ದದ್ದು ಅಲ್ಲಿಗೇ ನಿಲ್ಲದೆ ಮತ್ತೆ ಕುಸಿಯಿತು, ಮತ್ತೆ ಎದ್ದಿತು. ತಿರುಗಿ ನೋಡಿದರೆ ಹಿಂದಿನ ಗಾಲಿ ಕಲ್ಲಿನಿಂದ ಕಲ್ಲಿಗೆ ನೆಗೆಯುತ್ತ ಪಕ್ಕಕ್ಕೆ ಸರಿಯಿತು. ತಲೆಯ ಮೇಲೆ ಕಬ್ಬಿಣದ ಕ್ಯಾರಿಯರ್ ಕಿರ್ರೆಂದಿತು. ಸೂಗಪ್ಪ ಅದರಲ್ಲಿ ಯಾವಾಗಲೂ ತೊಗರಿ ಚೀಲ, ಟ್ರಂಕು ಹೇರುತ್ತಿದ್ದ. ಇಂದು ಒಂದೇ ಚೀಲವಿತ್ತು. ಆ ಒಂದು ಚೀಲವೇ ಗಾಡಿಯನ್ನು ಎಳೆದು ಕೆಡವಲು ನೋಡುತ್ತಿತ್ತು.

"ಮತ್ತೊಮ್ಮಿ" ಎಂದ ಮಜೀದ. ಈ ಸಲ ಇನ್ನೊಂದು ಮಗ್ಗಲಲ್ಲಿ ನಿಂತ. "ಮತ್ತೊಮ್ಮಿ." ದನ ಕಾಯುವವನು ಹತ್ತಿರ ಬಂದು ಬಾಯಿ ಬಿಟ್ಟು ನೋಡುತ್ತ ನಿಂತ. ಮಜೀದನ ಮುಖದ ಮೇಲೆಲ್ಲ ಧೂಳು. ಅವನು ಹೆದರಬೇಕೆಂಬುದನ್ನೇ ಮರೆತಿದ್ದ.

ಕೊನೆಗೆ ಹುಣಸೀಮರದ ನೆರಳಲ್ಲಿ ಕುಳಿತು ನೀರು ಕುಡಿದರು. ಮಜೀದ ಕಡ್ಡಿಯಿಂದ ಧೂಳಿನಲ್ಲಿ ಗೆರೆ ಎಳೆಯುತ್ತ ಹೇಳಿದ: "ಪಟ್ಟೀದೊಂದೇ ತಪ್ಪಲ್ಲ ಸೂಗಣ್ಣ. ಪಟ್ಟಿ ಕುಣೀತದ. ಅದರ ಕುಣಿತ ಹಿಡದು ನಿಲ್ಲಸ್ಲಿಕ್ಕ ಗಾಲಿಗೊಂದು ಎಣ್ಣಿ ತುಂಬಿದ ಡಬ್ಬಿ ಇರ್ತದ, ಶಾಕಬ್ಸರ್ ಅಂತಾರ. ನಿನ್ನವು ನಾಕೂ ಒಣಗಿ ಸತ್ತಾವ. ನಾ ಹಾಕಿದ ಪಟ್ಟಿ ತಗೀಬೇಕು. ಗಾಡಿ ಎತ್ತರ ಆಗ್ಯದ, ಎರಡು ಬೆರಳು ತೆಳಗ ಕೂಡಸ್ಬೇಕು. ಮ್ಯಾಲಿನ ಹೇರು ಹಿಂದ ತೆಳಗ ಬರ್ಬೇಕು. ಮತ್ತ ಇನ್ನೊಂದು ಅದ. ಹೈದರಾಬಾದಿನ್ಯಾಗ ನಾ ಕೆಲಸ ಕಲೀವಾಗ ಒಂದು ಗಾಡಿಗಿ ನೋಡಿದ್ದೆ. ಮುಂದಿನ ಎರಡೂ ಗಾಲಿಗಿ ಅಡ್ಡ ಒಂದು ಉಕ್ಕಿನ ಸಲಾಕಿ ಕಟ್ಟಿರ್ತಾರ. ಒಂದು ಮಗ್ಗಲು ಕುಸೀತದಂದ್ರ ಆ ಸಲಾಕಿ ತಿರುಚಿಕೊಂಡು ಇನ್ನೊಂದು ಮಗ್ಗಲನ್ನೂ ತೆಳಗ ಜಗ್ತದ. ಗಾಡಿ ಒಂದೇ ಕಡಿ ಮಲಗಂಗಿಲ್ಲ."

ಸೂಗಪ್ಪ ತಲೆಯಾಡಿಸಿದ. ಅರ್ಧ ತಿಳಿದಿತ್ತು. ಆಮೇಲೆ ತನಗೇ ಅಪರೂಪವಾದ ಸಣ್ಣ ದನಿಯಲ್ಲಿ, "ಉಸ್ತಾದ್, ಒಂದು ಮಾತು. ನಿಮ್ಮ ತಮ್ಮ ಖಾಕಿ ತೊಟ್ಟಾಗ ನನಗೂ ಭಾಳ ಸಿಟ್ಟು ಬಂದಿತ್ತು. ಸುಳ್ಳು ಹೇಳಂಗಿಲ್ಲ. ಖರೇ ಅಂದ್ರ ನಿಮ್ಮ ಮನೀಗಿ ಬರ್ಲಿಕ್ಕ ಅದೇ ಸಲುವಾಗಿ ಇಷ್ಟು ದಿನ ಹಿಡೀತು" ಎಂದ.

"ಸಿಟ್ಟು ನನಗೂ ಬಂದಿತ್ತು" ಎಂದ ಮಜೀದ. "ಬೈದೆ. ಮುಂದ ಸಮಾಧಾನ ಹೇಳ್ಲಿಕ್ಕ ವ್ಯಾಳ್ಯಾನೇ ಸಿಗಲಿಲ್ಲ."

ಇಬ್ಬರೂ ಗಾಡಿ ಹತ್ತಿದರು. ಇಲ್ಲಿಯವರೆಗೆ ಬಂದದ್ದಾಯಿತು, ಕಾಳಗಿಯಲ್ಲಿ ಚಹಾ ಕುಡಿದೇ ಹೋಗೋಣ ಎಂದು ಸೂಗಪ್ಪನ ಹಟ.

ಕಾಳಗಿಯ ಬಜಾರಿನ ತುದಿಯಲ್ಲಿ ಭಾಗಮ್ಮನ ಚಹಾದ ಅಂಗಡಿ. ರೊಟ್ಟಿಯೂ ಸಿಗುತ್ತಿತ್ತು, ಹಿಂದೆ ಒಂದು ಹಿಟ್ಟಿನ ಗಿರಣಿಯೂ ಇತ್ತು. ಭಾಗಮ್ಮ ಚಹಾ ಕೊಡಲು ಬಂದವಳು ಮಜೀದನ ಮುಖ ನೋಡಿ ಬಟ್ಟಲು ಹಿಡಿದೇ ನಿಂತಳು.

"ಯಣ್ಣಾ, ನಿಮಗೊಬ್ಬ ತಮ್ಮ ಇದ್ದನೇನು?"

ಮಜೀದ ಹೌದೆಂದು ತಲೆಯಾಡಿಸಿದ.

"ಇದೇ ಮೂಗು, ಇದೇ ಗದ್ದ" ಎಂದಳು ಭಾಗಮ್ಮ. "ಗದ್ದಲದ ದಿನದಾಗ ಒಬ್ಬ ಹುಡುಗ ಬಂದಿದ್ದ. ಸೈಕಲ್ಲು ಎಲ್ಲೋ ಒಗೆದು ನಡಕೋತ ಬಂದಿದ್ದ. ಎರಡು ದಿನ ಹೊಟ್ಟೀಗಿ ಇಲ್ಲದವ. ಖಾಕಿ ತೊಟ್ಟಿದ್ದೆ ಅಂತ ತಾನೇ ಹೇಳಿದ, ಹೇಳಿ ಅತ್ತ. ನಾ ಏನ್ ಮಾಡ್ಲಿ? ಮೇವಿನ ಕೋಣ್ಯಾಗ ಮಲಗಿಸ್ದೆ. ಕುಂದ್ರಲಾರದಽ ನನ್ನ ಗಿರಣಿ ಬಿಚ್ಚಿ ರಿಪೇರಿ ಮಾಡಿಟ್ಟು ಹೋದ. ಇವತ್ತಿಗೂ ಹೊಂಟದ ನೋಡ್ರಿ ಅದು."

"ಎಲ್ಲಿಗಿ ಹೋದ?" ಕೇಳಿದ್ದು ಸೂಗಪ್ಪ.

"ಚಂದಾಪುರದ ಬಂದೇನವಾಜ್ ಅನ್ನೋವ್ರ ಬಂಡಿ ಬಂದಿತ್ತು. ಅದರ ಕೂಡ ಕಳಿಸ್ದೆ. ಕುಂಚಾವರಂ ಗುಡ್ಡದಾಗ ಕಟಿಗಿ ಲಾರಿ ಓಡ್ತಾವಲ್ಲ, ಅಲ್ಲಿ ಕೆಲಸ ಸಿಗ್ತದ ಅಂದಿದ್ರು. ಮುಂದಿಂದು ನನಗ ಗೊತ್ತಿಲ್ಲ. ಯಾರಿಗೂ ಹೇಳಬ್ಯಾಡ ಅವ್ವಾ ಅಂದಿದ್ದ, ನಾ ಹೇಳಿಲ್ಲ."

ಮಜೀದ ಎದ್ದು ಹಿಂದೆ ಹೋದ. ಗಿರಣಿ ತಿರುಗುತ್ತಿತ್ತು. ಅದನ್ನು ತಿರುಗಿಸುವ ಚರ್ಮದ ಪಟ್ಟಾ ಸಡಿಲಾಗದಂತೆ ಒಂದು ಸಣ್ಣ ಕಬ್ಬಿಣದ ತುಂಡು ಬಡಿದು ಕೂರಿಸಲಾಗಿತ್ತು. ಹಾಗೆ ಕೂರಿಸುವುದನ್ನು ಅವನೇ ಕಲಿಸಿದ್ದ. ಗೋಡೆ ಹಿಡಿದು ನಿಂತ. ಗಿರಣಿಯ ಸದ್ದಿನಲ್ಲಿ ಅವನು ಅತ್ತದ್ದು ಯಾರಿಗೂ ಕೇಳಿಸಲಿಲ್ಲ.

ಆ ಸಂಜೆ ಓಣಿಯ ಬಾಯಿಗೆ ಗಾಡಿ ಬಂದಾಗ ಮಜೀದ ಮುಂದಿನ ಸೀಟಿನಲ್ಲಿ ಕುಳಿತಿದ್ದ. ಸುದ್ದಿ ಕೇಳಿ ಚಾಂದಬೀ ಅಲ್ಲೇ ಚಪ್ಪಲಿ ಹುಡುಕತೊಡಗಿದಳು. "ಈಗಿಂದೀಗ ಹೋಗೋಣ ನಡೀರಿ."

"ಈ ಗಾಡ್ಯಾಗ ಬ್ಯಾಡ" ಎಂದ ಮಜೀದ. "ಒಂದು ಹುಣಸೀಮರದ ತಿರುವೇ ಇದಕ್ಕ ತಡಿಯಂಗಿಲ್ಲ. ಕುಂಚಾವರಂ ಗುಡ್ಡದಾಗ ಬರೇ ತಿರುವೇ ಅವ, ಒಂದು ಕಡಿ ಗುಡ್ಡ, ಒಂದು ಕಡಿ ಕಮರಿ. ಮೊದಲ ಗಾಡಿ ಸರಿ ಆಗ್ಲಿ. ಅವನ್ನ ನೋಡ್ಲಿಕ್ಕ ಹೋಗಿ ನಾವು ಕಮರ್ಯಾಗ ಬೀಳೋದು ಬ್ಯಾಡ."

ಮರುದಿನ ಬೆಳಗ್ಗೆ ಅವನೇ ಹೋಗಿ ಅಂಗಡಿಯ ತಗಡಿನ ಬಾಗಿಲು ತೆರೆದ. ಒಳಗೆ ಜೇಡರ ಬಲೆ, ಇಲಿ ಹಿಕ್ಕೆ, ಎಣ್ಣೆಯ ಹಳೆಯ ವಾಸನೆ. ಚಾಂದಬೀ ಕಸ ಹೊಡೆದಳು. ದಾರಿಹೋಕರು ನಿಂತು ನೋಡಿದರು. ಕೆಲವರು ನೋಡಿ ಮುಖ ತಿರುಗಿಸಿ ಹೋದರು. ಸ್ಟೇಷನ್ನಿನ ಹಮಾಲಿಯೊಬ್ಬ ಮಾತ್ರ, "ತೆರೆದ್ರೇನ್ರಿ ಉಸ್ತಾದ್? ಛಲೋ ಆತು" ಎಂದು ಹೇಳಿ ಮುಂದೆ ಹೋದ. ಮಜೀದನಿಗೆ ಅಂದಿಗೆ ಅಷ್ಟು ಸಾಕಾಗಿತ್ತು.

ಸಾಮಾನಿಗೆ ಶಹಾಬಾದಿಗೆ ಹೋದರು. ವಾಡಿ ದಾಟಿದ ಮೇಲೆ ದಾರಿಯ ಎರಡೂ ಕಡೆ ಫರಸಿ ಕಲ್ಲಿನ ಅಟ್ಟಿಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಅಲ್ಲಿ ಹಾಜಿಸಾಬರ ಗುಜರಿ ಅಂಗಡಿ. ಮಹಾಯುದ್ಧ ಮುಗಿದ ಮೇಲೆ ಹರಾಜಿಗೆ ಬಂದ ಮಿಲಿಟರಿ ಗಾಡಿಗಳ ಸಾಮಾನನ್ನು ರಾಶಿ ಹಾಕಿ ಕುಳಿತಿದ್ದ ಆ ವೃದ್ಧರು, ಮಜೀದನನ್ನು ನೋಡಿ ಕನ್ನಡಕ ಒರೆಸಿಕೊಂಡರು. "ನೀ ಪಾಕಿಸ್ತಾನಕ್ಕ ಹೋದಿ ಅಂತ ಇಲ್ಲಿ ಮಂದಿ ಮಾತಾಡಿದ್ರಲ್ಲೋ."

"ಓಣಿ ದಾಟಿಲ್ಲರಿ ಹಾಜಿಸಾಬ. ಪಾಕಿಸ್ತಾನ ಎಲ್ಲಿಂದ ಬಂತು?"

ರಾಶಿಯಲ್ಲಿ ಅರ್ಧ ದಿನ ಕೆದಕಿದರು. ಹಗುರ ಲಾರಿಯೊಂದರ ನಾಲ್ಕು ಶಾಕಬ್ಸರ್ ಸಿಕ್ಕವು. ಮಜೀದ ಒಂದೊಂದರ ತೋಳನ್ನೂ ಎತ್ತಿ ಇಳಿಸಿ ನೋಡಿದ. ತೋಳು ಜೇನಿನಲ್ಲಿ ಅದ್ದಿದ ಕೋಲಿನಂತೆ ನಿಧಾನವಾಗಿ, ಬಿಗಿಯಾಗಿ ಚಲಿಸಬೇಕು. ಮೂರು ಹಾಗೆ ಚಲಿಸಿದವು. ನಾಲ್ಕನೆಯದರಲ್ಲಿ ಎಣ್ಣೆ ಸೋರುತ್ತಿತ್ತು, ಅದನ್ನು ಬಿಚ್ಚಿ ಚರ್ಮದ ಹೊಸ ಬಿಲ್ಲೆ ಹಾಕಬಹುದು ಅಂದುಕೊಂಡ. ಅಡ್ಡ ಸಲಾಕೆಗಾಗಿ ಸೂಗಪ್ಪ ಉದ್ದವಾಗಿ ಕಂಡದ್ದನ್ನೆಲ್ಲ ಎಳೆದು ತಂದು ತೋರಿಸಿದ. ಕಿಟಕಿಯ ಸರಳು, ನೀರಿನ ಕೊಳವೆ, ಕೊನೆಗೆ ಹಾಜಿಸಾಬರ ಊರುಗೋಲನ್ನೂ. ಸಂಜೆಯ ಹೊತ್ತಿಗೆ ಮುರಿದ ದೊಡ್ಡ ಗಾಡಿಯೊಂದರ ಹೊಟ್ಟೆಯಡಿ, ಎರಡೂ ತುದಿ ಬಾಗಿದ ಹೆಬ್ಬೆರಳು ದಪ್ಪದ ಉಕ್ಕಿನ ಸಲಾಕೆ ಮಜೀದನ ಕೈಗೆ ಸಿಕ್ಕಿತು. ಅಗಲ ಹೆಚ್ಚಿತ್ತು. ಆದರೂ ಅವನು ಅದನ್ನು ಮಗುವಿನಂತೆ ಎತ್ತಿಕೊಂಡು ಗಾಡಿಯಲ್ಲಿಟ್ಟ.

ಆ ವಾರವೆಲ್ಲ ಕೆಲಸ. ತಾನು ಸೇರಿಸಿದ್ದ ಪಟ್ಟಿಗಳನ್ನು ತೆಗೆದ. ಕಮ್ಮಾರನ ಕುಲುಮೆಯಲ್ಲಿ ಹಳೆಯ ಪಟ್ಟಿಗಳನ್ನು ಕಾಸಿ, ಬಾಗನ್ನು ಕೊಂಚ ಇಳಿಸಿ, ಎಣ್ಣೆಯಲ್ಲಿ ಅದ್ದಿ ಮತ್ತೆ ಹದ ಕೊಡಿಸಿದ. ಗಾಡಿ ನೆಲಕ್ಕೆ ಎರಡು ಬೆರಳು ಹತ್ತಿರವಾಯಿತು. ಶಾಕಬ್ಸರ್ ಕೂರಿಸಲು ಚೌಕಟ್ಟಿಗೆ ಹೊಸ ತೂತು ಕೊರೆಯಬೇಕಾಯಿತು. ಸಲಾಕೆಯ ಬಾಗು ಮೊದಲ ಸಲ ಸರಿಬರಲಿಲ್ಲ, ಸ್ಟೇರಿಂಗಿನ ತೋಳಿಗೆ ತಾಗುತ್ತಿತ್ತು. ಮತ್ತೆ ಕಾಸಿದರು, ಮತ್ತೆ ಬಾಗಿಸಿದರು. ಮೇಲಿನ ಕ್ಯಾರಿಯರನ್ನು ಕಿತ್ತು ಹಿಂದುಗಡೆ ಕೆಳಗೆ ಜೋಡಿಸಿದಾಗ ಸೂಗಪ್ಪ ಗೊಣಗಿದ: "ಮ್ಯಾಲ ಹೇರು ಇಲ್ಲಂದ್ರ ಬಾಡಿಗಿ ಗಾಡಿ ಅಂತ ಯಾರ್ ನಂಬ್ತಾರ್ರಿ?"

ಕಾಗಿಣಾದ ಆಚೆಯ ತಿರುವಿಗೆ ಮೂರು ಸಲ ಹೋಗಿ ಬಂದರು. ಒಂದು ಸಲ ಶಾಕಬ್ಸರಿನ ಎಣ್ಣೆ ತೆಳುವೆಂದು ದಪ್ಪ ಎಣ್ಣೆ ತುಂಬಿದರು. ಇನ್ನೊಂದು ಸಲ ಸಲಾಕೆಯ ತುದಿಯ ರಬ್ಬರು ಬದಲಿಸಿದರು. ದನ ಕಾಯುವವನು ಈಗ ಇವರ ದಾರಿ ಕಾಯುತ್ತಿದ್ದ. ಮೂರನೆಯ ಸಲ ಸೂಗಪ್ಪ ಎಂದಿನಂತೆ ಹಲ್ಲು ಕಚ್ಚಿ ತಿರುವಿಗೆ ಹೊಡೆದ. ಗಾಡಿ ಒಂದಿಷ್ಟು ಬಾಗಿತು, ಬಾಗಿದಲ್ಲೇ ಗಟ್ಟಿಯಾಗಿ ನಿಂತಿತು, ಗೆರೆ ಎಳೆದಂತೆ ತಿರುವು ಸುತ್ತಿ ನೇರವಾಯಿತು. ಸೂಗಪ್ಪ ಬಹಳ ದೂರ ಹೋದ ಮೇಲೆ ಗಾಡಿ ನಿಲ್ಲಿಸಿ ಹಿಂತಿರುಗಿ ನೋಡಿದ.

"ತಿರುವು ಹೋಯ್ತೇನ್ರಿ ಉಸ್ತಾದ್?"

"ಹೋಯ್ತು."

"ನನಗ ಗೊತ್ತೇ ಆಗಲಿಲ್ಲಲ್ಲ!" ಎಂದು ಸೂಗಪ್ಪ ಸ್ಟೇರಿಂಗಿಗೆ ಹಣೆ ಮುಟ್ಟಿಸಿ ನಮಸ್ಕಾರ ಮಾಡಿದ.

ಶುಕ್ರವಾರದ ನಮಾಜು ಮುಗಿಸಿ ಹೊರಟರು. ಹಿಂದೆ ಚಾಂದಬೀ, ಮಡಿಲಲ್ಲಿ ಬುತ್ತಿಯ ಗಂಟು, ಒಂದು ಹೊಸ ಅಂಗಿ. ಕಾಳಗಿಯಲ್ಲಿ ಭಾಗಮ್ಮನನ್ನು ಕಂಡು ಚಾಂದಬೀ ಅವಳ ಎರಡೂ ಕೈ ಹಿಡಿದುಕೊಂಡಳು. ಚಿಂಚೋಳಿ ದಾಟಿ ಚಂದಾಪುರದಲ್ಲಿ ಬಂದೇನವಾಜನ ಮನೆ ಕೇಳಿದರು. "ಹೌದ್ರಿ, ಗುಡ್ಡದ ಡಿಪೋದಾಗ ಬಿಟ್ಟು ಬಂದಿದ್ದೆ. ಹೋದ ತಿಂಗಳ ನೋಡಿದಾಗ ಇದ್ದ" ಎಂದ ಅವನು. ಅಲ್ಲಿಂದ ಮುಂದೆ ಕಾಡು, ಕೆಂಪು ಮಣ್ಣಿನ ದಾರಿ.

"ಗುಡ್ಡದಾಗ ನೀವು ಹೊಡೀರಿ ಉಸ್ತಾದ್" ಎಂದು ಸೂಗಪ್ಪ ಜಾಗ ಬಿಟ್ಟ. ಮಜೀದ ಸ್ಟೇರಿಂಗು ಹಿಡಿದ. ತಿರುವಿನ ಮೇಲೆ ತಿರುವು. ಒಂದು ಕಡೆ ಸಾಗವಾನಿ ಮರ, ಇನ್ನೊಂದು ಕಡೆ ಕೆಳಗೆಲ್ಲೋ ಹಳ್ಳ. ಗಾಡಿ ಕೈಯ ಮಾತು ಕೇಳುತ್ತಿತ್ತು. ಇಷ್ಟು ತಿರುಗಿಸಿದರೆ ಇಷ್ಟೇ ತಿರುಗುತ್ತಿತ್ತು. ಎದೆಯಲ್ಲಿ ಕುಳಿತಿದ್ದ ಕಲ್ಲು ಎಲ್ಲಿ ಇಳಿದು ಹೋಯಿತೋ ಅವನಿಗೆ ತಿಳಿಯಲಿಲ್ಲ. ಒಂದು ದೊಡ್ಡ ತಿರುವು ದಾಟಿ ಪಕ್ಕಕ್ಕೆ ನೋಡಿದರೆ ಸೂಗಪ್ಪ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ.

ಕಟ್ಟಿಗೆ ಡಿಪೋ ಮುಟ್ಟಿದಾಗ ಹೊತ್ತು ಇಳಿದಿತ್ತು. ದಿಮ್ಮಿಗಳ ರಾಶಿಯ ಪಕ್ಕದಲ್ಲಿ ಒಂದು ಲಾರಿ ಕಲ್ಲುಗಳ ಮೇಲೆ ನಿಂತಿತ್ತು. ಅದರ ಕೆಳಗಿನಿಂದ ಎರಡು ಕಾಲು ಹೊರಗೆ ಚಾಚಿದ್ದವು. ಎಡಗಾಲಿನ ಹಿಮ್ಮಡಿ, ಶೌಕತನದು ಮೊದಲಿನಿಂದ ಇದ್ದಂತೆ, ಸ್ವಲ್ಪ ಒಳಗೆ ತಿರುಗಿತ್ತು. ಚಾಂದಬೀ ಬಾಯಿಗೆ ಸೆರಗು ಒತ್ತಿಕೊಂಡಳು.

ಮಜೀದ ಹೋಗಿ ಲಾರಿಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತ. "ಏನಾಗ್ಯದ ಗಾಡಿಗಿ?" ಎಂದು ಕೇಳಿದ.

"ಕಮಾನ್ ಪಟ್ಟಿ ತುಂಡಾಗ್ಯದ್ರಿ" ಎಂದಿತು ಕೆಳಗಿನ ದನಿ. ಎಣ್ಣೆ ಹತ್ತಿದ ಒಂದು ಕೈ ಹೊರಗೆ ಬಂದು ನೆಲ ತಡಕಿತು. "ಅಲ್ಲೇ ದೊಡ್ಡ ಪಾನಾ ಅದ, ಸ್ವಲ್ಪ ಕೊಡ್ರಿ."

ಮಜೀದ ಪಾನಾ ಎತ್ತಿ ಆ ಕೈಯಲ್ಲಿಟ್ಟ. ಇಟ್ಟು ಕೈ ಬಿಡಲಿಲ್ಲ. ಕೆಳಗಿನ ಬೆರಳುಗಳು ಆ ಕೈಯನ್ನು ತಡವಿ ನೋಡಿದವು.

"ಭಾಯಿ?" ಎಂದಿತು ದನಿ.

ಶೌಕತ ಹೊರಗೆ ತೆವಳಿ ಬಂದ. ಗಡ್ಡ ಬಿಟ್ಟಿದ್ದ, ಭುಜ ಅಗಲವಾಗಿತ್ತು. ಅಣ್ಣನ ಕಾಲಿಗೆ ಬಾಗಲು ಹೋದವನನ್ನು ಚಾಂದಬೀ ನಡುವೆಯೇ ಸೆಳೆದು ಎದೆಗೊತ್ತಿಕೊಂಡಳು. ಅವಳ ಬಿಳಿ ಸೆರಗೆಲ್ಲ ಗ್ರೀಸಾಯಿತು. ಅತ್ತು ಮುಗಿದ ಮೇಲೆ ಅವನು ಬಿಕ್ಕುತ್ತ ಹೇಳಿದ: "ಮನುಷ್ಯನ್ನ ಕಳಿಸಿದ್ದೆ ಭಾಬಿ, ಎರಡು ಸಲ. ಊರೊಳಗ ಹೋಗ್ಲಿಕ್ಕ ಅಂಜಿ ಸ್ಟೇಷನ್ ಕಡಿನೇ ನೋಡಿ ಬಂದ. ಅಂಗಡಿ ಬಾಗಿಲ ಮುಚ್ಯದ, ಯಾರೂ ಇಲ್ಲ, ಎಲ್ಲಾರೂ ಹೋಗ್ಯಾರ ಅಂದ. ನಾ ನಂಬಿದೆ."

ಮಜೀದ ಆ ಮಾತನ್ನು ಒಳಗೇ ಇಳಿಸಿಕೊಂಡ. ತಾನು ಮುಚ್ಚಿಕೊಂಡು ಕುಳಿತ ಬಾಗಿಲು ಯಾರಿಗೆ ಮುಚ್ಚಿತ್ತು ಎಂಬುದು ಈಗ ತಿಳಿಯಿತು. "ಈಗ ತೆರೆದದ" ಎಂದಷ್ಟೇ ಹೇಳಿದ. "ಖಾಕಿದು ಸರಕಾರದವರು ಏನಾರ ಕೇಳಿದ್ರ ಕಚೇರಿಗಿ ನಾನೇ ಕರಕೊಂಡು ಹೋಗ್ತೀನಿ. ಬಚ್ಚಿಟ್ಟುಕೊಂಡಿರೋದು ಸಾಕು, ನಿಂದೂ ನಂದೂ."

ಸೂಗಪ್ಪ ದೂರದಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದ. ನಿದ್ದೆಗಣ್ಣೋ ಅಳುವೋ ಹೇಳುವಂತಿರಲಿಲ್ಲ. ಆಮೇಲೆ ಶೌಕತನ ಮೈಕಟ್ಟು ನೋಡಿ, ಗಾಡಿ ನೋಡಿ, ತನ್ನ ಎಂದಿನ ದೊಡ್ಡ ದನಿಯಲ್ಲಿ ಕೇಳಿದ: "ಹೊಳ್ಳಿ ಹೋಗೋವಾಗ ಹಿಂದ ಇವನೊಬ್ಬ ಹೆಚ್ಚಾದ. ಇಳಿಜಾರಿನ ತಿರುವು ಬ್ಯಾರೆ. ಗಾಡಿ ತಡಕೋತದೇನ್ರಿ ಉಸ್ತಾದ್?"

"ತಡಕೋತದ" ಎಂದ ಮಜೀದ. ಅಂಗಿಯ ತೋಳು ಮಡಚಿ ಲಾರಿಯ ಕೆಳಗೆ ಬಗ್ಗಿದ. "ಮೊದಲ ಇವನ ಪಟ್ಟಿ ಕಟ್ಟಿಕೊಟ್ಟು ಹೋಗೋಣ. ಅರ್ಧ ಕೆಲಸ ಬಿಟ್ಟು ಬರೋದು ಬ್ಯಾಡ."